ಪ್ರಯಾಣಿಕರಿಂದ ಪಡೆಯುವ ಸಾಲ



ಪೆಸಿಫಿಕ್ ಸಾಗರದ ನಡುವೆ ಸಮೋವಾ ಎಂಬ ದ್ವೀಪಸಮೂಹವಿದೆ. ಜನ ಒಂದೇ, ಭಾಷೆ ಒಂದೇ, ನೆಂಟಸ್ತನವೂ ಎಲ್ಲ ದ್ವೀಪಗಳಲ್ಲಿ ಹಬ್ಬಿದೆ. ಆದರೆ 1918ರಲ್ಲಿ ಅದನ್ನು ಆಳುವವರು ಇಬ್ಬರಿದ್ದರು. ಪಶ್ಚಿಮದ ದ್ವೀಪಗಳು ನ್ಯೂಜಿಲೆಂಡಿನ ಸೇನಾಡಳಿತದಲ್ಲಿದ್ದವು, ಪೂರ್ವದವು ಅಮೆರಿಕದ ನೌಕಾಪಡೆಯ ಕೈಯಲ್ಲಿದ್ದವು. ಆ ವರ್ಷ ನವೆಂಬರ್ 7ರಂದು ಆಕ್ಲೆಂಡಿನಿಂದ ಹೊರಟಿದ್ದ ‘ಟಲೂನ್’ ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಬಂತು. ಆಕ್ಲೆಂಡಿನಲ್ಲಿ ಆಗಲೇ ಇನ್‌ಫ್ಲುಯೆಂಜಾ ಹರಡಿತ್ತು, ಹಡಗಿನಲ್ಲೂ ಜ್ವರ ಬಂದವರಿದ್ದರು. ಆದರೂ ಪ್ರಯಾಣಿಕರನ್ನು ಯಾರೂ ತಡೆಯಲಿಲ್ಲ. ಮುಂದಿನ ಕೆಲವೇ ವಾರಗಳಲ್ಲಿ ಸುಮಾರು 38,000 ಜನರಿದ್ದ ಆ ನಾಡಿನಲ್ಲಿ 8,500ರಷ್ಟು ಮಂದಿ ತೀರಿಕೊಂಡರು. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಸಮುದ್ರದಲ್ಲಿ ಅಲ್ಲಿಂದ ಒಂದು ದಿನದ ಹಾದಿಯೂ ಇಲ್ಲದ ಅಮೆರಿಕನ್ ಸಮೋವಾದ ಕಥೆ ಬೇರೆ. ಅಲ್ಲಿನ ಗವರ್ನರ್ ಜಾನ್ ಪೋಯರ್, ನಿಸ್ತಂತುವಿನಲ್ಲಿ ಬಂದ ಸುದ್ದಿ ಕೇಳಿದೊಡನೆ ಬರುವ ಹಡಗುಗಳಿಗೆಲ್ಲ ಕ್ವಾರಂಟೈನ್ ವಿಧಿಸಿದರು. ಪಕ್ಕದ ದ್ವೀಪದಿಂದ ದೋಣಿಗಳು ಕದ್ದು ಬಾರದಂತೆ ಊರಿನ ಜನರೇ ಕರಾವಳಿ ಕಾದರು. ಅಲ್ಲಿ ಆ ಜ್ವರಕ್ಕೆ ಒಬ್ಬರೂ ಬಲಿಯಾಗಲಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾದ ಜನರ ಕ್ಷಮೆ ಕೇಳಿದರು; ಅವರು ಹೆಸರಿಸಿದ ತಪ್ಪುಗಳಲ್ಲಿ ಆ ಹಡಗನ್ನು ಒಳಗೆ ಬಿಟ್ಟುಕೊಂಡದ್ದೂ ಒಂದು.

ಈ ಉದಾಹರಣೆ ಕೇಳಿದರೆ ಪ್ರಯಾಣಿಕರ ಕ್ವಾರಂಟೈನ್ ವಿಷಯದಲ್ಲಿ ವಾದಕ್ಕೇ ಜಾಗವಿಲ್ಲ ಎನ್ನಿಸಬಹುದು. ಆದರೆ ಕೊರೊನಾ ಕಾಲವನ್ನು ಕಂಡ ನಮಗೆ ಇದು ಅಷ್ಟು ಸರಳವಲ್ಲ ಎಂಬುದು ಗೊತ್ತು. ಅದೇ ಉಪಾಯ ಒಂದೆಡೆ ಫಲಿಸಿತು, ಇನ್ನೊಂದೆಡೆ ಕೈಕೊಟ್ಟಿತು. ಕೆಲವೆಡೆ ಜನರನ್ನು ಕಾಪಾಡಿತು, ಕೆಲವೆಡೆ ಅವಮಾನಿಸಿತು. ಹಾಗಾಗಿ ಕ್ವಾರಂಟೈನ್ ಬೇಕೋ ಬೇಡವೋ ಎಂದು ಕೇಳುವುದಕ್ಕಿಂತ ಅದು ಯಾವ ಷರತ್ತಿನ ಮೇಲೆ ಫಲಿಸುತ್ತದೆ ಎಂದು ಕೇಳಬೇಕು. ನನ್ನ ವಾದ ಇಷ್ಟು: ಕಾಯಿಲೆಯೇ ಇಲ್ಲದ, ಇದೆಯೆಂಬ ಪುರಾವೆಯೂ ಇಲ್ಲದ ಒಬ್ಬ ಮನುಷ್ಯನನ್ನು ಹತ್ತಾರು ದಿನ ಒಂದು ಕೋಣೆಯಲ್ಲಿ ಕೂರಿಸಿದಾಗ ಸಮಾಜ ಆ ದಿನಗಳನ್ನು ಅವನಿಂದ ಸಾಲವಾಗಿ ಪಡೆಯುತ್ತದೆ. ಆ ಸಾಲದಿಂದ ದೊರೆಯುವುದು ಕಾಲಾವಕಾಶ. ಸಾಲ ಪಡೆದವರು ಅದರ ಹೊಣೆ ಹೊತ್ತ ಕಡೆಗಳಲ್ಲಿ ಕ್ವಾರಂಟೈನ್ ಬಹುಮಟ್ಟಿಗೆ ಫಲಿಸಿದೆ. ಹೊಣೆ ಹೊರದೆ ಬರೀ ಅಧಿಕಾರ ಚಲಾಯಿಸಿದ ಕಡೆ ಸೋರಿಹೋಗಿದೆ.

ಆರೋಗ್ಯವಾಗಿ ಕಾಣುವವರನ್ನೇ ಕೂರಿಸಬೇಕೇಕೆ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಪ್ರಶ್ನೆ. ಜ್ವರ ಬಂದವರನ್ನು ಬೇರೆ ಇಡುವುದು ಯಾರಿಗಾದರೂ ಒಪ್ಪಿಗೆಯಾಗುತ್ತದೆ. ಅದಕ್ಕೆ ಐಸೊಲೇಷನ್ ಎನ್ನುತ್ತಾರೆ. ಕ್ವಾರಂಟೈನ್ ಇರುವುದು ಲಕ್ಷಣವಿಲ್ಲದವರಿಗೆ. ವೈರಸ್ಸು ಮೈಗೆ ಹೊಕ್ಕ ಗಳಿಗೆಗೂ ಲಕ್ಷಣ ತೋರುವ ಗಳಿಗೆಗೂ ನಡುವೆ ಒಂದು ಅಂತರವಿರುತ್ತದೆ. ಕೋವಿಡ್‌ನ ಮೊದಲ ಅಲೆಯಲ್ಲಿ ಆ ಅಂತರ ಸರಾಸರಿ ಐದು ದಿನ. ಲಕ್ಷಣ ತೋರಿದವರಲ್ಲಿ ನೂರಕ್ಕೆ ಸುಮಾರು 97 ಮಂದಿಗೆ ಹನ್ನೊಂದೂವರೆ ದಿನದೊಳಗೆ ಅದು ಕಾಣಿಸಿಕೊಂಡಿತು. ಹದಿನಾಲ್ಕು ದಿನ ಎಂಬ ಲೆಕ್ಕದ ಹಿಂದೆ ಇದ್ದದ್ದು ಈ ತಿಳಿವಳಿಕೆ. 2003ರ ಸಾರ್ಸ್ ರೋಗದಲ್ಲಿ ಒಂದು ಅನುಕೂಲವಿತ್ತು: ರೋಗಿ ಹಾಸಿಗೆ ಹಿಡಿದು ಎರಡನೆಯ ವಾರ ತಲುಪಿದಾಗಲೇ ಸೋಂಕು ಹೆಚ್ಚಾಗಿ ಹರಡುತ್ತಿತ್ತು. ಆದ್ದರಿಂದ ರೋಗಿಗಳನ್ನು ಹುಡುಕಿ ಆಸ್ಪತ್ರೆಯಲ್ಲಿ ಬೇರೆ ಇಟ್ಟರೆ ಬಹುಮಟ್ಟಿಗೆ ಸಾಕಾಯಿತು. ಸುಮಾರು 8,100 ಜನರಿಗೆ ತಗುಲಿ 774 ಮಂದಿಯನ್ನು ಬಲಿ ತೆಗೆದುಕೊಂಡ ಆ ಸೋಂಕು ಕೆಲವೇ ತಿಂಗಳಲ್ಲಿ ನಿಂತಿತು. ಕೋವಿಡ್ ಆ ಅವಕಾಶ ಕೊಡಲಿಲ್ಲ. ಲಕ್ಷಣ ತೋರುವ ಒಂದೆರಡು ದಿನ ಮೊದಲೇ ಅದು ಬೇರೆಯವರಿಗೆ ದಾಟುತ್ತಿತ್ತು, ಕೆಲವರಲ್ಲಿ ಲಕ್ಷಣವೇ ತೋರುತ್ತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಹಣೆಗೆ ಹಿಡಿಯುವ ಥರ್ಮಲ್ ಸ್ಕ್ಯಾನರ್ ಇಲ್ಲಿಯೇ ಸೋಲುತ್ತದೆ. ಅದು ಆ ಗಳಿಗೆಯ ಮೈಬಿಸಿಯನ್ನಷ್ಟೇ ಅಳೆಯುತ್ತದೆ. ನಾಳೆ ಬರಲಿರುವ ಜ್ವರ ಅದಕ್ಕೆ ಕಾಣುವುದಿಲ್ಲ. ಪ್ಯಾರಾಸಿಟಮಾಲ್ ನುಂಗಿ ಬಂದವನ ಜ್ವರವೂ ಅಷ್ಟೆ. ಸಾರ್ಸ್ ಕಾಲದಲ್ಲಿ ಕೆನಡಾದ ವಿಮಾನ ನಿಲ್ದಾಣಗಳಲ್ಲಿ ಲಕ್ಷಗಟ್ಟಲೆ ಪ್ರಯಾಣಿಕರನ್ನು ತಪಾಸಣೆ ಮಾಡಿದರೂ ಒಬ್ಬ ಸಾರ್ಸ್ ರೋಗಿಯೂ ಸಿಗಲಿಲ್ಲ. ಹೊರಡುವಲ್ಲೂ ಇಳಿಯುವಲ್ಲೂ ತಪಾಸಣೆ ನಡೆದರೂ ಸೋಂಕಿತರಲ್ಲಿ ನೂರಕ್ಕೆ ಸುಮಾರು 46 ಮಂದಿ ನುಸುಳಿ ಹೋಗುತ್ತಾರೆ ಎಂದು 2020ರ ಆರಂಭದಲ್ಲೇ ಲಂಡನ್ನಿನ ಸಂಶೋಧಕರು ಲೆಕ್ಕ ಹಾಕಿದ್ದರು. ನಮ್ಮ ನಾಡಿನಲ್ಲಿ ಇದಕ್ಕೆ ನೋವಿನ ಪುರಾವೆಯೇ ಇದೆ. ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್‌ನಲ್ಲಿ. ಅವರು ಫೆಬ್ರವರಿ ಕೊನೆಯಲ್ಲಿ ಸೌದಿ ಅರೇಬಿಯಾದಿಂದ ಹೈದರಾಬಾದಿಗೆ ಬಂದಿಳಿದಾಗ ತಪಾಸಣೆ ನಡೆದಿತ್ತು, ಲಕ್ಷಣ ಏನೂ ಇರಲಿಲ್ಲ. ಯಂತ್ರವಾಗಲಿ ಸಿಬ್ಬಂದಿಯಾಗಲಿ ತಪ್ಪಿದ್ದರು ಎನ್ನುವಂತಿಲ್ಲ. ಅಳೆಯಲು ಆಗ ಏನೂ ಇರಲಿಲ್ಲ. ಜೊತೆಗೆ ಆ ದಿನಗಳಲ್ಲಿ ಅಪಾಯದ ದೇಶಗಳೆಂದು ಮಾಡಿದ್ದ ಪಟ್ಟಿಗಳು ರೋಗದ ಹಿಂದೆ ಓಡುತ್ತಿದ್ದವು. ಮಾರ್ಚ್ 13ರಿಂದ ಕಡ್ಡಾಯ ಕ್ವಾರಂಟೈನ್ ಜಾರಿಯಾದಾಗ ಪಟ್ಟಿಯಲ್ಲಿದ್ದದ್ದು ಚೀನಾ, ಇಟಲಿ, ಇರಾನ್, ದಕ್ಷಿಣ ಕೊರಿಯಾ, ಫ್ರಾನ್ಸ್, ಸ್ಪೇನ್ ಮತ್ತು ಜರ್ಮನಿ ಎಂಬ ಏಳು ದೇಶಗಳು. ಪಟ್ಟಿ ಎನ್ನುವುದು ಪರೀಕ್ಷೆ ನಡೆಸಿ ರೋಗವಿದೆಯೆಂದು ಒಪ್ಪಿಕೊಂಡ ದೇಶಗಳ ಪಟ್ಟಿ. ಪರೀಕ್ಷೆಯೇ ನಡೆಸದ ದೇಶ ಅದರಲ್ಲಿ ಸೇರುವುದೇ ಇಲ್ಲ.

ಹಾಗಾದರೆ ಕ್ವಾರಂಟೈನ್‌ನಿಂದ ದೊರೆಯುವುದೆಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಬ್ಬ ಸೋಂಕಿತ ಐದು ದಿನಕ್ಕೆ ಸರಾಸರಿ ಎರಡೂವರೆ ಜನರಿಗೆ ರೋಗ ದಾಟಿಸುತ್ತಾನೆ ಎಂದಿಟ್ಟುಕೊಳ್ಳಿ. ಒಂದು ತಿಂಗಳಿಗೆ ಆರು ಸುತ್ತು. ಆರನೆಯ ಸುತ್ತಿನಲ್ಲಿ ಆ ಒಬ್ಬನಿಂದ ಸುಮಾರು 244 ಹೊಸ ಸೋಂಕಿತರು. ಹತ್ತು ಸೋಂಕಿತ ಪ್ರಯಾಣಿಕರು ಬರುವಲ್ಲಿ ಒಂಬತ್ತು ಜನರನ್ನು ತಡೆದು ಒಬ್ಬನನ್ನಷ್ಟೇ ಬಿಟ್ಟೆವು ಅನ್ನಿ. ಆಗ ಸಿಗುವ ಕಾಲಾವಕಾಶ ಎರಡೂವರೆ ಸುತ್ತು, ಅಂದರೆ ಹನ್ನೆರಡು ಹದಿಮೂರು ದಿನ ಮಾತ್ರ. ನೂರರಲ್ಲಿ ತೊಂಬತ್ತೊಂಬತ್ತನ್ನು ತಡೆದರೂ ಇಪ್ಪತ್ತೈದು ದಿನ. ಇಷ್ಟು ಶ್ರಮಕ್ಕೆ ಇಷ್ಟೇ ಪ್ರತಿಫಲವೇ ಎಂದು ಟೀಕಾಕಾರರು ಕೇಳುವುದು ಈ ಕಾರಣಕ್ಕೆ, ಮತ್ತು ಅವರ ಲೆಕ್ಕ ತಪ್ಪಲ್ಲ. ಆದರೆ ಅದು ಅಪೂರ್ಣ. ಈ ಜಾತಿಯ ವೈರಸ್ಸು ಎಲ್ಲರಿಂದ ಸಮವಾಗಿ ಹರಡುವುದಿಲ್ಲ. ಸೋಂಕಿತರಲ್ಲಿ ಹೆಚ್ಚಿನವರು ಯಾರಿಗೂ ದಾಟಿಸುವುದಿಲ್ಲ. ಮದುವೆ ಮನೆಯಲ್ಲೋ ಮುಚ್ಚಿದ ಸಭಾಂಗಣದಲ್ಲೋ ಸಿಕ್ಕ ಕೆಲವರು ಹತ್ತಾರು ಜನರಿಗೆ ದಾಟಿಸುತ್ತಾರೆ. ಅಂದರೆ ಹೊರಗಿನಿಂದ ಬಂದ ಒಂದೊಂದು ಕಿಡಿಯೂ ತಾನಾಗಿಯೇ ಆರಿಹೋಗುವ ಸಾಧ್ಯತೆ ಸಾಕಷ್ಟಿದೆ. ನೂರು ಸೋಂಕಿತರು ಒಳಬಂದರೆ ಒಬ್ಬರಿಂದಲಾದರೂ ರೋಗ ಬೇರೂರುವುದು ಖಂಡಿತ; ಒಬ್ಬರೇ ಬಂದರೆ ಅದು ಅಲ್ಲೇ ಕಮರುವ ಸಂಭವವಿದೆ, ಉಳಿದರೂ ಸಂಪರ್ಕದವರನ್ನು ಹುಡುಕಿ ನಿಲ್ಲಿಸಬಹುದು. ಅದಕ್ಕೇ ಕ್ವಾರಂಟೈನ್ ಆರಂಭದ ದಿನಗಳಲ್ಲಿ, ಪಟ್ಟಿಯ ಭೇದವಿಲ್ಲದೆ ಬಹುತೇಕ ಎಲ್ಲರಿಗೂ ಅನ್ವಯಿಸಿದಾಗ ಮಾತ್ರ ಬೆಲೆಬಾಳುತ್ತದೆ. ಅರೆಮನಸ್ಸಿನ ಕ್ವಾರಂಟೈನ್ ಖರ್ಚನ್ನು ಪೂರ್ತಿ ಮಾಡಿಸಿ ಲಾಭವನ್ನು ಒಂದೆರಡು ವಾರಕ್ಕೆ ಮುಗಿಸುತ್ತದೆ.

ಸಿಕ್ಕ ಕಾಲಾವಕಾಶವನ್ನು ಏನು ಮಾಡಿದರು ಎನ್ನುವುದರ ಮೇಲೆ ಅದರ ಬೆಲೆ ನಿಂತಿದೆ. 1918ರ ಅಕ್ಟೋಬರ್‌ನಿಂದ ಆಸ್ಟ್ರೇಲಿಯಾ ಹಡಗುಗಳನ್ನು ತಡೆದು ಕ್ವಾರಂಟೈನ್ ನಡೆಸಿತು. ರೋಗ ಒಳಗೆ ಬಂದೇ ಬಂತು, ಆದರೆ 1919ರ ಜನವರಿಯಲ್ಲಿ. ಐವತ್ತು ಲಕ್ಷ ಜನರ ಆ ದೇಶದಲ್ಲಿ ಸತ್ತವರು 15,000ದಷ್ಟು. ಹನ್ನೊಂದು ಲಕ್ಷದಷ್ಟು ಜನರಿದ್ದ ನೆರೆಯ ನ್ಯೂಜಿಲೆಂಡಿನಲ್ಲಿ 9,000ದಷ್ಟು. ತಡವಾಗಿ ಬಂದ ಅಲೆ ಅಷ್ಟು ಕ್ರೂರವಾಗಿರಲಿಲ್ಲ. ನಮ್ಮಲ್ಲಿ 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾವಲಿದ್ದ ಪೊಲೀಸ್ ಪೇದೆಗಳು ಜ್ವರದಿಂದ ಆಸ್ಪತ್ರೆ ಸೇರಿದ್ದು ಮೊದಲ ಸೂಚನೆ. ಯುದ್ಧದ ಹಡಗುಗಳ ಓಡಾಟ ನಿಲ್ಲಲಿಲ್ಲ, ರೈಲುಗಳು ಜ್ವರವನ್ನು ಒಳನಾಡಿಗೆಲ್ಲ ಸಾಗಿಸಿದವು, ಒಂದು ಕೋಟಿಗೂ ಮಿಕ್ಕಿ ಜನ ಸತ್ತರು. ನೂರು ವರ್ಷದ ಮೇಲೆ ನ್ಯೂಜಿಲೆಂಡ್ ಹಳೆಯ ಪಾಠವನ್ನು ನೆನಪಿಟ್ಟುಕೊಂಡಿತು. 2020ರ ಏಪ್ರಿಲ್‌ನಿಂದ ಒಳಬರುವ ಎಲ್ಲರಿಗೂ ಹದಿನಾಲ್ಕು ದಿನ ಸರ್ಕಾರಿ ಉಸ್ತುವಾರಿಯ ಹೋಟೆಲ್ ವಾಸ ಕಡ್ಡಾಯ ಮಾಡಿತು. 2021ರ ಕೊನೆಯವರೆಗೆ ಐವತ್ತು ಲಕ್ಷ ಜನರ ಆ ದೇಶದಲ್ಲಿ ಕೋವಿಡ್‌ನಿಂದ ಸತ್ತವರು ನೂರಕ್ಕೂ ಕಡಿಮೆ. 2022ರಲ್ಲಿ ರೋಗ ನಿಜವಾಗಿ ಹರಡುವ ಹೊತ್ತಿಗೆ ಹನ್ನೆರಡು ವರ್ಷ ದಾಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಾಗಿತ್ತು. ಕ್ವಾರಂಟೈನ್ ರೋಗವನ್ನು ಅಲ್ಲಿ ಶಾಶ್ವತವಾಗಿ ತಡೆಯಲಿಲ್ಲ. ರೋಗಕ್ಕಿಂತ ಮುಂಚೆ ಲಸಿಕೆ ಬರುವಂತೆ ನೋಡಿಕೊಂಡಿತು.

ಇನ್ನು ಆಕ್ಷೇಪಣೆಗಳಿಗೆ ಬರೋಣ. ದ್ವೀಪಗಳಿಗೆ ಇದು ಸರಿ, ಭಾರತದಂಥ ದೇಶಕ್ಕೆ ಹೇಗೆ ಸಾಧ್ಯ ಎನ್ನುವುದು ಮೊದಲನೆಯದು. ಭೂಗಡಿ ನಮಗಿದೆ, ನಿಜ. ಆದರೆ ದೂರದ ಹೊಸ ರೋಗ ನಮ್ಮಲ್ಲಿಗೆ ಬಂದದ್ದು ವಿಮಾನದಲ್ಲಿ. ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಗಳ ಸಂಖ್ಯೆ ಲೆಕ್ಕಕ್ಕೆ ಸಿಗುವಷ್ಟೇ. ಸರ್ಕಾರ ಮನಸ್ಸು ಮಾಡಿದಾಗ ಅದು ಸಾಧ್ಯವೆಂದು ನಮ್ಮವರೇ ತೋರಿಸಿದ್ದಾರೆ. 2020ರ ಫೆಬ್ರವರಿ ಮೊದಲ ಎರಡು ದಿನಗಳಲ್ಲಿ ಏರ್ ಇಂಡಿಯಾ ವಿಮಾನಗಳು ವುಹಾನ್‌ನಿಂದ ಆರುನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಯಾರನ್ನೂ ನೇರವಾಗಿ ಮನೆಗೆ ಕಳುಹಿಸಲಿಲ್ಲ. ಮಾನೇಸರ್‌ನ ಸೇನಾ ಶಿಬಿರದಲ್ಲೂ ದೆಹಲಿಯ ಛಾವ್ಲಾದ ಐಟಿಬಿಪಿ ಶಿಬಿರದಲ್ಲೂ ಇರಿಸಿ, ಊಟ, ವೈದ್ಯರು, ಪರೀಕ್ಷೆ ಎಲ್ಲವನ್ನೂ ಸರ್ಕಾರವೇ ನೋಡಿಕೊಂಡು, ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಖಚಿತವಾದ ಮೇಲೆ ಬೀಳ್ಕೊಟ್ಟಿತು. ಅದೇ ಕ್ರಮ ಬೇರೆ ದೇಶಗಳಿಂದ ಬಂದವರಿಗೆ ಅನ್ವಯವಾಗಲು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ವಿಮಾನಗಳು ನಿಂತದ್ದು ಮಾರ್ಚ್ 22ಕ್ಕೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು: ಕ್ವಾರಂಟೈನ್ ಕೇಂದ್ರವೇ ರೋಗದ ತವರಾಗುವುದಿಲ್ಲವೇ? ಆಗಿದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರ ನೌಕೆಯಲ್ಲಿದ್ದ 3,711 ಜನರನ್ನು ಹಡಗಿನಲ್ಲೇ ಇರಿಸಿದರು. 712 ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರು ಕೋಣೆಯಲ್ಲಿದ್ದರೂ ಸಿಬ್ಬಂದಿ ಅಡುಗೆ ಮಾಡುತ್ತ, ಬಾಗಿಲು ಬಾಗಿಲಿಗೆ ಊಟ ಹಂಚುತ್ತ, ಇಕ್ಕಟ್ಟಾದ ಕೋಣೆಗಳಲ್ಲಿ ಒಟ್ಟಿಗೆ ಮಲಗುತ್ತ ಇದ್ದರು; ಅವರಲ್ಲಿ ನೂರಕ್ಕೂ ಹೆಚ್ಚು ಭಾರತೀಯರಿದ್ದರು. ಮೆಲ್ಬರ್ನ್‌ನಲ್ಲಿ ಅದೇ ವರ್ಷ ಎರಡು ಕ್ವಾರಂಟೈನ್ ಹೋಟೆಲುಗಳಿಂದ ಸೋಂಕು ಊರಿಗೆ ದಾಟಿತು. ಕಾವಲಿನ ಕೆಲಸವನ್ನು ಖಾಸಗಿ ಕಂಪನಿಗಳಿಗೆ, ಅವರು ಉಪಗುತ್ತಿಗೆಗೆ ಕೊಟ್ಟಿದ್ದರು. ಸೋಂಕು ತಡೆಯುವ ತರಬೇತಿ ಸರಿಯಾಗಿ ಸಿಗದ ಕಾವಲುಗಾರರು ಸಂಜೆ ತಮ್ಮ ಬಡಾವಣೆಗಳಿಗೆ ಮರಳುತ್ತಿದ್ದರು. ನಿವೃತ್ತ ನ್ಯಾಯಾಧೀಶೆ ಜೆನಿಫರ್ ಕೋಟ್ ಅವರ ವಿಚಾರಣಾ ವರದಿಯ ಪ್ರಕಾರ ಅದರಿಂದೆದ್ದ ಅಲೆಯಲ್ಲಿ 18,000ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತು, 768 ಜನ ಸತ್ತರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಒಂದು ಹೋಟೆಲಿನಲ್ಲಿ ಸಿಸಿಟಿವಿ ದಾಖಲೆ ನೋಡಿದಾಗ ಇನ್ನೂ ಬೆರಗಾಗುವ ಸಂಗತಿ ತಿಳಿಯಿತು. ಪರೀಕ್ಷೆಗೆ ಮಾದರಿ ತೆಗೆಯಲೆಂದು ಒಂದು ಕೋಣೆಯ ಬಾಗಿಲು ತೆರೆದು ಮುಚ್ಚಿದ್ದರು; ಒಂದು ನಿಮಿಷ ಕಳೆಯುವುದರೊಳಗೆ ಪಕ್ಕದ ಕೋಣೆಯ ಬಾಗಿಲು ತೆರೆದಿದ್ದರು. ಆ ಎರಡು ಕೋಣೆಗಳವರು ಮುಖಾಮುಖಿಯಾಗಿರಲೇ ಇಲ್ಲ. ಸೋಂಕು ದಾಟಲು ಗಾಳಿಯಾಡದ ಕಾರಿಡಾರಿನಲ್ಲಿ ನಿಂತ ಉಸಿರು ಸಾಕಾಯಿತು.

ಈ ಸೋಲುಗಳನ್ನು ಸರಿಯಾಗಿ ಓದಿದರೆ ಕ್ವಾರಂಟೈನ್ ಬೇಡ ಎಂಬ ತೀರ್ಮಾನ ಬರುವುದಿಲ್ಲ. ಎಂಥ ಜಾಗ, ಎಂಥ ಕೆಲಸಗಾರರು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದೇ ಆಸ್ಟ್ರೇಲಿಯಾದಲ್ಲಿ ಡಾರ್ವಿನ್ ನಗರದ ಹೊರವಲಯದಲ್ಲಿ ಹೊವಾರ್ಡ್ ಸ್ಪ್ರಿಂಗ್ಸ್ ಎಂಬ ಕೇಂದ್ರವಿತ್ತು. ಅನಿಲ ಯೋಜನೆಯ ಕಾರ್ಮಿಕರಿಗಾಗಿ ಕಟ್ಟಿದ್ದ ಹಳೆಯ ವಸತಿ ಅದು. ಒಂದೇ ಅಂತಸ್ತಿನ ಬಿಡಿ ಕೋಣೆಗಳು, ಪ್ರತಿ ಕೋಣೆಯ ಮುಂದೆ ಬಯಲಿಗೆ ತೆರೆದ ಜಗಲಿ, ಬಾಗಿಲು ತೆರೆದರೆ ಕಾರಿಡಾರಿಗೆ ಬದಲು ಹೊರಗಿನ ಗಾಳಿ. ದೇಶದ ಕ್ವಾರಂಟೈನ್ ವ್ಯವಸ್ಥೆಯನ್ನು ಪರಿಶೀಲಿಸಿದ ಜೇನ್ ಹಾಲ್ಟನ್ ಅವರ ವರದಿ ಆ ಕೇಂದ್ರವನ್ನೇ ಮೇಲ್ಪಂಕ್ತಿಯಾಗಿ ಎತ್ತಿ ಹಿಡಿಯಿತು. ಪ್ಲೇಗ್ ಕಾಲದಲ್ಲಿ ಊರು ಬಿಟ್ಟು ಹೊಲಗದ್ದೆಗಳಲ್ಲಿ ಬಿಡಿಬಿಡಿಯಾಗಿ ಗುಡಿಸಲು ಹಾಕಿಕೊಂಡ ನಮ್ಮ ಹಿರಿಯರು ಈ ಏರ್ಪಾಡನ್ನು ವಿಚಿತ್ರವೆನ್ನುತ್ತಿರಲಿಲ್ಲ. ಹಣದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ದಿನಗೂಲಿಯ ಕಾವಲುಗಾರನಿಗೆ ಕೆಮ್ಮು ಬಂದಾಗ ಅವನು ರಜೆ ಹಾಕುತ್ತಾನೋ ಇಲ್ಲವೋ ಎಂಬುದು ಆ ರಜೆಗೆ ಸಂಬಳ ಇದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಕ್ವಾರಂಟೈನ್ ಸೋರಿದ ಎಷ್ಟೋ ಕಡೆ ಅಗ್ಗವಾಗಿ ಮುಗಿಸುವ ಆಸೆ ಇತ್ತು.

ಮೂರನೆಯ ಆಕ್ಷೇಪಣೆ: ರೋಗ ಒಳಗೆ ಬಂದ ಮೇಲೆ ಬಾಗಿಲಲ್ಲಿ ಪ್ರಯಾಣಿಕರನ್ನು ತಡೆದು ಏನು ಪ್ರಯೋಜನ? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. 2021ರ ನವೆಂಬರ್ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮೈಕ್ರಾನ್ ತಳಿಯನ್ನು ಪ್ರಾಮಾಣಿಕವಾಗಿ ಪ್ರಕಟಿಸಿದೊಡನೆ ಹಲವು ದೇಶಗಳು ಆ ಭಾಗದ ವಿಮಾನಗಳನ್ನು ನಿಲ್ಲಿಸಿದವು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಘೋಷಣೆಯಾದವು. ಒಬ್ಬರು ವಿದೇಶದಿಂದ ಬಂದವರು. ಇನ್ನೊಬ್ಬರು ಪ್ರವಾಸವೇ ಮಾಡದ ಸ್ಥಳೀಯ ವೈದ್ಯರು. ಹೆಸರಿಡುವ ಹೊತ್ತಿಗೆ ತಳಿ ಊರೊಳಗೆ ಇತ್ತು. ಒಳಗೆ ದಿನಕ್ಕೆ ಸಾವಿರಾರು ಜನರಿಗೆ ಸೋಂಕು ತಗುಲುತ್ತಿರುವಾಗ ಹೊರಗಿನಿಂದ ಬರುವ ಹತ್ತು ಜನರನ್ನು ಕೂರಿಸುವುದು ಸಾಲ ಪಡೆದು ವ್ಯರ್ಥ ಮಾಡಿದಂತೆ. ಆದ್ದರಿಂದ ಕ್ವಾರಂಟೈನ್ ಆದೇಶ ಹೊರಡುವ ದಿನವೇ ಅದು ಮುಗಿಯುವ ಷರತ್ತೂ ಬರೆದಿರಬೇಕು. ಒಳಗಿನ ಹರಡುವಿಕೆಗೆ ಹೋಲಿಸಿದರೆ ಹೊರಗಿನಿಂದ ಬರುವುದು ಗೌಣವಾದಾಗ, ಅಥವಾ ದುರ್ಬಲರಿಗೆಲ್ಲ ಲಸಿಕೆ ಮುಟ್ಟಿದಾಗ, ಅದು ತಾನಾಗಿ ಬಿದ್ದುಹೋಗಬೇಕು. ಪರೀಕ್ಷೆ ಸುಲಭವಾದಂತೆ ದಿನಗಳೂ ಇಳಿಯಬೇಕು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಿಡಿಸಿ ಸಂಸ್ಥೆ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಕಂಡರೆ ಏಳು ದಿನ, ಪರೀಕ್ಷೆ ಇಲ್ಲದಿದ್ದರೆ ಹತ್ತು ದಿನ ಸಾಕೆಂದಿತು. ಅಗತ್ಯ ತೀರಿದ ಮೇಲೂ ಹಿಡಿದಿಟ್ಟುಕೊಂಡ ಒಂದೊಂದು ದಿನವೂ ಮುಂದಿನ ಸಲ ಜನ ಸಹಕರಿಸದಿರಲು ಕಾರಣವಾಗುತ್ತದೆ.

ಸ್ವಾತಂತ್ರ್ಯ ಮತ್ತು ಘನತೆಯ ಆಕ್ಷೇಪಣೆ ಕೊನೆಯದು, ಎಲ್ಲಕ್ಕಿಂತ ಭಾರವಾದದ್ದು. ನಮ್ಮ ಕೈಯಲ್ಲಿದ್ದ ಕಾನೂನು 1897ರದು, ಮುಂಬಯಿಯ ಪ್ಲೇಗ್ ತಡೆಯಲು ಆತುರದಲ್ಲಿ ಬರೆದದ್ದು. ಮೂಲದಲ್ಲಿ ಅದಕ್ಕಿದ್ದದ್ದು ನಾಲ್ಕೇ ಸೆಕ್ಷನ್. ರೈಲಿನಲ್ಲೋ ಬೇರೆ ದಾರಿಯಲ್ಲೋ ಪ್ರಯಾಣಿಸುವವರನ್ನು ತಪಾಸಣೆ ಮಾಡಿ ಬೇರೆ ಇರಿಸುವ ಅಧಿಕಾರ ಅದರಲ್ಲಿದೆ. ತಪ್ಪಿದವರಿಗೆ ಶಿಕ್ಷೆ ಇದೆ. ಕ್ರಮ ಕೈಗೊಂಡ ಅಧಿಕಾರಿಗೆ ರಕ್ಷಣೆ ಇದೆ. ಕೂರಿಸಲ್ಪಟ್ಟವನ ಊಟ, ಕೂಲಿ, ಮೇಲ್ಮನವಿ ಇವುಗಳಿಗೆ ಒಂದು ಸಾಲೂ ಇಲ್ಲ. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ತಪಾಸಣೆ ನಡೆಸಿದ್ದು ಎಷ್ಟು ರೋಷ ಹುಟ್ಟಿಸಿತೆಂದರೆ ಪ್ಲೇಗ್ ಅಧಿಕಾರಿ ರ‍್ಯಾಂಡ್‌ ಮೇಲೆ ಜೂನ್ 22ರ ರಾತ್ರಿ ಗುಂಡು ಹಾರಿತು. ಕೊರೊನಾ ಕಾಲದ ಕರ್ನಾಟಕದಲ್ಲಿ ಅಷ್ಟು ಕ್ರೌರ್ಯವಿರಲಿಲ್ಲ, ಆದರೆ ಅದೇ ಮನೋಭಾವದ ಎಳೆ ಇತ್ತು. ವಿದೇಶದಿಂದ ಬಂದವರ ಕೈಗೆ ಅಳಿಸದ ಮಸಿಯ ಮುದ್ರೆ ಒತ್ತಿದರು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಲು ಹೇಳಿದರು. ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಗಳು ಎಲ್ಲರಿಗೂ ಸಿಗುವಂತೆ ಪ್ರಕಟವಾದವು. ಪಟ್ಟಿ ಹೊರಬಿದ್ದರೆ ಹಾಲಿನವನು ಬರುವುದಿಲ್ಲ, ಮನೆ ಮಾಲೀಕ ಖಾಲಿ ಮಾಡೆನ್ನುತ್ತಾನೆ. ಮುಂದೆ ಬರುವ ಪ್ರಯಾಣಿಕ ತಾನು ಎಲ್ಲಿಂದ ಬಂದೆ ಎಂಬುದನ್ನೇ ಮುಚ್ಚಿಡುತ್ತಾನೆ. ಅಂಥ ಕ್ರಮಗಳಿಂದ ಹೆಚ್ಚಿದ್ದು ನಿಗಾ. ಕಡಿಮೆಯಾದದ್ದು ಪ್ರಯಾಣಿಕ ನಿಜ ಹೇಳುವ ಸಂಭವ.

ಇಲ್ಲಿ ಒಂದು ಗೆರೆ ಎಳೆದುಕೊಳ್ಳುವುದು ಅಗತ್ಯ. ಕ್ವಾರಂಟೈನ್ ಎಂದರೆ ಬಂದವರನ್ನು ಒಳಗೆ ಕರೆದುಕೊಂಡು ಕೆಲವು ದಿನ ಬೇರೆ ಇಡುವುದು. ಬಾಗಿಲು ಹಾಕಿಕೊಳ್ಳುವುದು ಬೇರೆಯೇ ಕೆಲಸ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರುವ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಗಡಿ ಕನ್ನಡಿಗರಿಗೂ ಮಲಯಾಳಿಗಳಿಗೂ ದಾರಿ ಇಲ್ಲದಾಯಿತು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2021ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾ ಭಾರತದಲ್ಲಿದ್ದ ತನ್ನದೇ ಪ್ರಜೆಗಳು ಮರಳುವುದನ್ನು ಕೆಲಕಾಲ ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧವನ್ನಾಗಿ ಮಾಡಿತು. ನ್ಯೂಜಿಲೆಂಡಿನಲ್ಲಿ ಕೋಣೆಗಳು ಕಡಿಮೆಯಾಗಿ ಲಾಟರಿ ಪದ್ಧತಿ ಬಂತು. ತಾಯ್ನಾಡಿಗೆ ಮರಳುವ ಪ್ರಜೆಗಳ ಹಕ್ಕಿಗೆ ಅದು ಅನ್ಯಾಯದ ಮಿತಿ ಹಾಕಿತ್ತೆಂದು 2022ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಕೋಣೆ ಸಾಲದಿದ್ದರೆ ಕೋಣೆ ಹೆಚ್ಚಿಸಬೇಕು. ಮನುಷ್ಯರನ್ನು ಕಡಿಮೆ ಮಾಡುವ ಹಾಗಿಲ್ಲ. ಕ್ವಾರಂಟೈನ್ ಸಮರ್ಥಿಸುವ ನಾನು ಇವುಗಳಲ್ಲಿ ಯಾವುದನ್ನೂ ಸಮರ್ಥಿಸಬೇಕಾಗಿಲ್ಲ.

ಹಾಗಾದರೆ ಸಾಲ ತೀರಿಸುವುದು ಹೇಗಿರುತ್ತದೆ? ತೈವಾನ್‌ನಲ್ಲಿ 2020ರಲ್ಲಿ ಪ್ರಯಾಣಿಕರಿಗೆ ಹದಿನಾಲ್ಕು ದಿನ ಮನೆ ಕ್ವಾರಂಟೈನ್. ನಿಗಾ ಬಿಗಿಯಾಗಿತ್ತು, ಮೊಬೈಲ್ ಸಿಗ್ನಲ್ ಮೂಲಕ ಗಮನಿಸುತ್ತಿದ್ದರು, ತಪ್ಪಿದರೆ ದೊಡ್ಡ ದಂಡವೂ ಇತ್ತು. ಆದರೆ ಸ್ಥಳೀಯ ಆಡಳಿತವೇ ಮನೆ ಬಾಗಿಲಿಗೆ ಊಟ ತಿಂಡಿ ತಲುಪಿಸಿ, ದಿನವೂ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಿತ್ತು. ನಿಯಮ ಪಾಲಿಸಿದ ಅರ್ಹರಿಗೆ ದಿನಕ್ಕೆ ಅಲ್ಲಿನ ಸಾವಿರ ಡಾಲರ್ ಪರಿಹಾರ ಕೊಡುತ್ತಿತ್ತು. ಆ ವರ್ಷ 253 ದಿನ ಅಲ್ಲಿ ಒಂದೂ ಸ್ಥಳೀಯ ಸೋಂಕು ಪತ್ತೆಯಾಗಲಿಲ್ಲ. ಸಿಂಗಪುರ ಕ್ವಾರಂಟೈನ್ ಆದೇಶ ಪಡೆದ ಸ್ವಯಂ ಉದ್ಯೋಗಿಗಳಿಗೆ ದಿನಕ್ಕೆ ನೂರು ಸಿಂಗಪುರ ಡಾಲರ್ ಭತ್ಯೆ ಇಟ್ಟಿತ್ತು. ನಮ್ಮದೇ ಮಂಡ್ಯವನ್ನೂ ಈ ಬೆಳಕಿನಲ್ಲಿ ನೋಡಬೇಕು. 2020ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ದುಡಿಯುತ್ತಿದ್ದ ಕೆ.ಆರ್. ಪೇಟೆ ಕಡೆಯ ಜನ ಊರಿಗೆ ಮರಳಿದರು. ಅವರನ್ನು ಹಾಸ್ಟೆಲುಗಳಲ್ಲಿ, ವಸತಿ ಶಾಲೆಗಳಲ್ಲಿ ಇರಿಸಿ ಪರೀಕ್ಷಿಸಿದಾಗ ಜಿಲ್ಲೆಯ ಸಂಖ್ಯೆ ಒಮ್ಮೆಲೇ ಏರಿತು. ಮುಂಬಯಿಯವರು ರೋಗ ತಂದರು ಎಂಬ ಗೊಣಗಾಟ ಎದ್ದಿತು. ಲೆಕ್ಕ ಹೇಳುವುದು ಬೇರೆ: ಆ ಸೋಂಕುಗಳು ಕ್ವಾರಂಟೈನ್ ಕೋಣೆಯಲ್ಲಿ ಪತ್ತೆಯಾದವು, ಹಳ್ಳಿಯ ಮದುವೆಯಲ್ಲಿ ಪತ್ತೆಯಾಗಲಿಲ್ಲ. ಆ ಕೂಲಿಕಾರರು ಹಾಸ್ಟೆಲಿನ ನೆಲದ ಮೇಲೆ ಕಳೆದ ದಿನಗಳಿಂದ ಲಾಭ ಪಡೆದದ್ದು ಅವರನ್ನು ದೂರಿದ ಊರುಗಳೇ. ಅದೇ ತಿಂಗಳು ವಿಶೇಷ ವಿಮಾನಗಳಲ್ಲಿ ವಿದೇಶದಿಂದ ಮರಳಿದವರು ಹಣ ಕೊಟ್ಟು ಹೋಟೆಲಿನಲ್ಲಿ ಇರಬೇಕಾಯಿತು. ಪ್ರಯಾಣಿಕರಿಂದ ಕ್ವಾರಂಟೈನ್ ಖರ್ಚು ವಸೂಲು ಮಾಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳ 40ನೆಯ ವಿಧಿಯಲ್ಲಿರುವ ಸಾಮಾನ್ಯ ತತ್ವ. ಅವರಿಂದ ಹಣ ಪಡೆದದ್ದು ಸಾಲ ಕೊಟ್ಟವನಿಂದಲೇ ಬಡ್ಡಿ ಕೇಳಿದ ಹಾಗಾಯಿತು.

ಹೊಸ ಉಸಿರಾಟದ ವೈರಸ್ಸು ಬಂದಾಗ ಅದರ ಸ್ವಭಾವ ತಿಳಿಯಲು ವಾರಗಳು ಬೇಕು, ಲಸಿಕೆಗೆ ತಿಂಗಳುಗಳು ಬೇಕು. ಆ ಮೊದಲ ವಾರಗಳಲ್ಲಿ ನಮ್ಮ ಕೈಯಲ್ಲಿರುವ ಉಪಾಯಗಳು ಕಡಿಮೆ, ಪ್ರಯಾಣಿಕರ ಕ್ವಾರಂಟೈನ್ ಅವುಗಳಲ್ಲೊಂದು. ಅದಕ್ಕೆ ಬೇಕಾದದ್ದನ್ನು ರೋಗವಿಲ್ಲದ ಕಾಲದಲ್ಲೇ ಸಿದ್ಧ ಮಾಡಿಡಬೇಕು: ಬೆಂಗಳೂರು, ಮಂಗಳೂರು ವಿಮಾನ ನಿಲ್ದಾಣಗಳಿಗೆ ಹತ್ತಿರದಲ್ಲಿ ಗಾಳಿಯಾಡುವ, ಒಂಟಿ ಕೋಣೆಗಳ, ಉಳಿದ ದಿನಗಳಲ್ಲಿ ವಸತಿ ಶಾಲೆಯೋ ತರಬೇತಿ ಕೇಂದ್ರವೋ ಆಗಿ ನಡೆಯುವ ಕಟ್ಟಡಗಳು, ಅಲ್ಲಿ ದುಡಿಯುವವರಿಗೆ ಸಂಬಳ ಸಹಿತ ರಜೆ, ಕೂತವರಿಗೆ ಊಟ, ಔಷಧ, ಕೂಲಿ ಪರಿಹಾರ, ಹೆಸರು ವಿಳಾಸಗಳ ಗೋಪ್ಯತೆ, ತಾಯಿ ತಂದೆ ಸಾವಿನ ಹಾಸಿಗೆಯಲ್ಲಿದ್ದವರ ಮನವಿ ಕೇಳಲು ದಿನದೊಳಗೆ ತೀರ್ಮಾನ ಕೊಡುವ ಒಬ್ಬ ಅಧಿಕಾರಿ, ಆದೇಶಕ್ಕೆ ಕೊನೆಯ ದಿನ. ಇವೆಲ್ಲ ಸುತ್ತೋಲೆಯ ಔದಾರ್ಯಕ್ಕೆ ಬಿಟ್ಟ ವಿಷಯಗಳಾಗದೆ ಕಾನೂನಿನೊಳಗೇ ಬರೆದ ಹಕ್ಕುಗಳಾಗಬೇಕು. ಖರ್ಚು ಹೆಚ್ಚೆನ್ನುವವರು ಒಂದು ದಿನದ ಲಾಕ್‌ಡೌನ್‌ನಲ್ಲಿ ಇಡೀ ರಾಜ್ಯ ಕಳೆದುಕೊಂಡ ದುಡಿಮೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಲಿ. ಕೆಲವು ಸಾವಿರ ಜನರನ್ನು ಚೆನ್ನಾಗಿ ನೋಡಿಕೊಂಡು ಕೂರಿಸುವುದು, ಆರು ಕೋಟಿ ಜನರನ್ನು ಮನೆಯೊಳಗೆ ಕೂರಿಸುವುದಕ್ಕಿಂತ ಯಾವತ್ತೂ ಅಗ್ಗ. ಈ ಷರತ್ತುಗಳನ್ನು ಪಾಲಿಸದ ಸರ್ಕಾರಕ್ಕೆ ಆರೋಗ್ಯವಂತ ಪ್ರಯಾಣಿಕನನ್ನು ತಡೆದು ನಿಲ್ಲಿಸುವ ನೈತಿಕ ಅಧಿಕಾರವಿಲ್ಲ. ಅವನ್ನು ಪಾಲಿಸುವ ಸರ್ಕಾರ ಹತ್ತು ದಿನ ಕೇಳಿದರೆ, ಕೊಡುವುದಿಲ್ಲ ಎನ್ನುವ ಅಧಿಕಾರ ಪ್ರಯಾಣಿಕನಿಗೂ ಇಲ್ಲ.